ಕೈ ಎತ್ತದ ಫಕೀರ

ಕಬ್ಬಿಣದ ಸಲಾಕೆ ಗಾಳಿ ಸೀಳಿದ ಸದ್ದು ಮೊದಲು ಕೇಳಿಸಿತು. ಆಮೇಲೆ ಅದು ಹಣೆಗೆ ಬಡಿದ ಸದ್ದು.

ಸುನಿತಾ ಒಳಮನೆಯಿಂದ ಓಡಿ ಬಂದಾಗ ಬೆಟಗೇರಿಯ ಅವರ ಕಿರಾಣಿ ಅಂಗಡಿಯ ಮುಂದೆ ಆಗಲೇ ಜನ ಸೇರಿದ್ದರು. ಅವಳ ಅಣ್ಣ ವೀರೇಶ ಶಟರ್ ಎಳೆಯುವ ಸಲಾಕೆ ಹಿಡಿದು ಏದುಸಿರು ಬಿಡುತ್ತಿದ್ದ. ಎದುರಿಗೆ ಬರಿಗಾಲಲ್ಲಿ ನಿಂತಿದ್ದವನು ಒಬ್ಬ ಫಕೀರ. ಎತ್ತರದ ಆಳು, ಕೊರಳಲ್ಲಿ ಕೆಂಪು ಲಾಡಿ, ಹೆಗಲಲ್ಲಿ ಜೋಳಿಗೆ. ಹಣೆ ಒಡೆದು ರಕ್ತ ಹುಬ್ಬಿನ ಮೇಲಿಂದ ಇಳಿಯುತ್ತಿತ್ತು. ಭಿಕ್ಷೆಗೆಂದು ಚಾಚಿದ ಕೈಯನ್ನು ಮಾತ್ರ ಅವನು ಇನ್ನೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

ಮೊಹರಂ ಬಂತೆಂದರೆ ಗದಗ ಸೀಮೆಯ ಹಿಂದೂ ಮನೆಗಳವರೂ ಹರಕೆ ಹೊತ್ತು ಫಕೀರರಾಗುತ್ತಾರೆ. ಊರ ಮಸೂತಿಯಲ್ಲಿ ಲಾಡಿ ಎಂಬ ಹರಕೆಯ ದಾರ ಕಟ್ಟಿಸಿಕೊಂಡು, ಹಬ್ಬ ಮುಗಿಯುವ ತನಕ ಚಪ್ಪಲಿ ಮೆಟ್ಟದೆ, ಮಂಚದ ಮೇಲೆ ಮಲಗದೆ, ಬೇಡಿ ತಂದದ್ದನ್ನೇ ಉಣ್ಣುತ್ತಾರೆ. ಯಾರ ಮೇಲೂ ಕೈ ಎತ್ತುವಂತಿಲ್ಲ. ಇದು ವೀರೇಶನಿಗೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅವನಿಗೆ ಅಷ್ಟು ಧೈರ್ಯ ಬಂದಿತ್ತು!

ಏಕೆಂದರೆ ಬೇರೆ ದಿನಗಳಲ್ಲಿ ಈ ಫಕೀರ ಹೊಂಬಳದ ಪೈಲ್ವಾನ ಮಾಳಿಂಗರಾಯ. ಬೇಸಿಗೆಯ ಕುಸ್ತಿಯಲ್ಲಿ ಅವನು ವೀರೇಶನನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ ಮಾಡಿದ್ದ. ನೋಡಿದ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ನಗು ವೀರೇಶನ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

“ಈಗ ಎತ್ತಲೇ ಕೈ,” ಎಂದ ವೀರೇಶ. “ಗಂಡಸಾದ್ರ ಎತ್ತು.”

ಎರಡನೆಯ ಏಟು ಪಕ್ಕೆಗೆ ಬಿತ್ತು. ಮಾಳಿಂಗರಾಯ ಬಾಗಿದ, ಮತ್ತೆ ನೆಟ್ಟಗೆ ನಿಂತ. ಮೂರನೆಯದು ಬೀಳುವ ಮೊದಲೇ ಸುನಿತಾ ನಡುವೆ ನುಗ್ಗಿ ಸಲಾಕೆಯನ್ನು ಎರಡೂ ಕೈಯಿಂದ ಹಿಡಿದಳು. ಅಣ್ಣ ಬೈದ, ಎಳೆದಾಡಿದ, ಅವಳು ಬಿಡಲಿಲ್ಲ. ಕೊನೆಗೆ ಅಪ್ಪ ಚನ್ನಬಸವಣ್ಣ ಗದ್ದುಗೆಯಿಂದೆದ್ದು ಬಂದು ಮಗನನ್ನು ಒಳಗೆ ದಬ್ಬಿದ. ವ್ಯಾಪಾರದ ಹೊತ್ತಿನಲ್ಲಿ ರಕ್ತ ಹರಿದದ್ದೇ ಅವನ ಚಿಂತೆಯಾಗಿತ್ತು, ಯಾರ ರಕ್ತ ಎಂಬುದಲ್ಲ.

ಸುನಿತಾ ಒಂದು ಸೇರು ಜೋಳ ತಂದು ಫಕೀರನ ಜೋಳಿಗೆಗೆ ಸುರಿದಳು. ಸುರಿಯುವಾಗ ಅವನ ಮುಖ ನೋಡಿದಳು.

ಅಲ್ಲಿ ಶಾಂತಿ ಇರಲಿಲ್ಲ! ಕುತ್ತಿಗೆಯ ನರ ಉಬ್ಬಿ ಹೊಡೆದುಕೊಳ್ಳುತ್ತಿತ್ತು, ದವಡೆ ಬಿಗಿದಿತ್ತು, ಕಣ್ಣಲ್ಲಿ ಬೆಂಕಿ ಇತ್ತು. ಇಡೀ ಮೈ ಸಿಟ್ಟಿನಿಂದ ನಡುಗುತ್ತಿದ್ದರೂ ಆ ಕೈ ಮಾತ್ರ ಚಾಚಿದಲ್ಲೇ ನಿಂತಿತ್ತು.

ಶಾಂತವಾಗಿ ನಿಂತಿದ್ದರೆ ಅವಳು ಮನಸ್ಸಿನಲ್ಲೇ ನಮಸ್ಕಾರ ಹೇಳಿ ಮರೆತುಬಿಡುತ್ತಿದ್ದಳೇನೋ. ಸಿಟ್ಟು ನುಂಗಿ ನಿಂತವನನ್ನು ಮರೆಯಲು ಅವಳಿಂದಾಗಲಿಲ್ಲ.

ಹಬ್ಬ ಮುಗಿದ ಮೇಲೆ ಇಡೀ ಬಜಾರು ಅವನ ದಾರಿ ಕಾಯಿತು. ಹರಕೆ ಮುಗಿದಿದೆ, ಪೈಲ್ವಾನನ ಕೈ ಬಿಚ್ಚಿದೆ, ಇನ್ನು ವೀರೇಶನ ಹಲ್ಲು ಎಣಿಸಿಕೊಳ್ಳಬಹುದು ಎಂದು ಪಾನ್ ಅಂಗಡಿಯವನಿಂದ ಹಿಡಿದು ನೇಕಾರರ ಓಣಿಯವರೆಗೆ ಎಲ್ಲರೂ ಮಾತಾಡಿಕೊಂಡರು. ಅವನು ಬಂದೂ ಬಂದ. ವೀರೇಶ ಸಕ್ಕರೆ ಚೀಲಗಳ ಹಿಂದೆ ಸರಿದುಕೊಂಡ. ಮಾಳಿಂಗರಾಯ ಗಲ್ಲಾದ ಬಳಿ ನಿಂತಿದ್ದ ಸುನಿತಾಳ ಹತ್ತಿರ ಅರ್ಧ ಕೇಜಿ ಬೆಲ್ಲ ಕೇಳಿದ, ತೆಗೆದುಕೊಂಡ, ಹೊರಟೇಹೋದ.

ಬೆಲ್ಲಕ್ಕೆಂದು ಹೊಂಬಳದಿಂದ ಬೆಟಗೇರಿಗೆ! ಅವಳಿಗೆ ನಗು ತಡೆಯಲಾಗಲಿಲ್ಲ. ಮುಂದಿನ ವಾರ ಮತ್ತೆ ಬೆಲ್ಲ. ಅದರ ಮುಂದಿನ ವಾರವೂ ಬೆಲ್ಲವೇ. ಹೊಂಬಳದವರಿಗೆಲ್ಲ ಸಿಹಿಮೂತ್ರ ರೋಗ ಬರುವ ಮೊದಲೇ ಅವಳು ಅವನಿಗೆ ಗದಗಿನ ತನ್ನ ಕೋಚಿಂಗ್ ಸೆಂಟರಿನ ಹತ್ತಿರ ಬರಲು ಹೇಳಿದಳು.

ಅಲ್ಲಿ ಅವಳು ಶಿಕ್ಷಕರ ಪರೀಕ್ಷೆಗೆ ಓದುವವರಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದಳು. ಪ್ರಪಂಚದ ಧರ್ಮಗಳ ಮೇಲೆ ಒಂದು ದೊಡ್ಡ ಪಾಠವಿತ್ತು. ಕರ್ಮ, ನಿರ್ವಾಣ, ಅಹಿಂಸೆ, ದಾಸೋಹ, ಜಕಾತ್, ತೌಬಾ, ಪಾಪನಿವೇದನೆ... ಪ್ರತಿ ಪದಕ್ಕೆ ಎರಡು ಅಂಕ, ಎರಡು ಸಾಲು. ಚಹಾದಂಗಡಿಯಲ್ಲಿ ಕೂತು ಮಾಳಿಂಗರಾಯ ಒಂದೊಂದೇ ಪದ ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು.

“ಅಹಿಂಸಾ ಅಂದ್ರ ಏನ ಬರಸ್ತಿ?”

“ಯಾವ ಜೀವಕ್ಕೂ ಮನಸಿನಿಂದ, ಮಾತಿನಿಂದ, ಮೈಯಿಂದ ನೋವು ಕೊಡದಂಗ ಇರೂದು.”

“ಹಂಗಾರ ನಾ ಫೇಲ್,” ಎಂದ ಅವನು. “ಮನಸಿನ್ಯಾಗ ನಿಮ್ಮಣ್ಣನ್ನ ದಿನಾ ಕೊಲ್ಲಾಕತ್ತೀನಿ.”

ಅವಳು ನಕ್ಕಳು. ಅವನು ನಗಲಿಲ್ಲ. ಆಗ ಅವನು ತನ್ನ ಹರಕೆಯ ಕಥೆ ಹೇಳಿದ. ಅಪ್ಪ ಸಕ್ರಪ್ಪ ಭಾರಿ ಸಿಟ್ಟಿನ ಮನುಷ್ಯ, ಬದುವಿನ ಜಗಳದಲ್ಲಿ ಮೊದಲು ತಾನೇ ಕೊಡಲಿ ಎತ್ತಿ, ಎದುರಿನವನ ಕೊಡಲಿಗೆ ಸತ್ತ. ಅದೇ ವರ್ಷ ತೊಟ್ಟಿಲ ಕೂಸು ಮಾಳಿಂಗನಿಗೆ ಜ್ವರ ಏರಿ ಆಸ್ಪತ್ರೆಯವರು ಕೈಬಿಟ್ಟರು. ತಾಯಿ ತಿಪ್ಪವ್ವ ಕೂಸನ್ನು ಒಯ್ದು ಮಸೂತಿಯಲ್ಲಿ ಅಲಾಯಿ ದೇವರ ಪಂಜಾದ, ಆ ಲೋಹದ ಹಸ್ತದ, ಮುಂದೆ ಮಲಗಿಸಿದಳು. ಇದನ್ನು ಉಳಿಸಿಕೊಡು, ಮದುವೆಯಾಗುವ ತನಕ ಪ್ರತಿ ವರ್ಷ ನಿನ್ನ ಫಕೀರನಾಗುತ್ತಾನೆ, ಆ ದಿನಗಳಲ್ಲಿ ಇವನ ಕೈ ಯಾರ ಮೇಲಾದರೂ ಎದ್ದರೆ ಕೊಟ್ಟ ಜೀವ ವಾಪಸ್ ತಗೋ ಎಂದು ಸೆರಗೊಡ್ಡಿದಳು.

ಅದನ್ನು ನೀನು ನಂಬುತ್ತೀಯಾ ಎಂದು ಸುನಿತಾ ಕೇಳಿದಳು. ನಂಬುತ್ತೇನೋ ಇಲ್ಲವೋ ಗೊತ್ತಿಲ್ಲ, ಅವ್ವ ನಂಬಿದ್ದಾಳೆ ಎಂದ.

ಅವನ ಮನೆಯವರು ಕುರುಬರು, ಇವಳದು ಲಿಂಗಾಯತ ವ್ಯಾಪಾರಸ್ಥರ ಮನೆ. ಇಬ್ಬರೂ ಮನೆಯಲ್ಲಿ ಬಾಯಿಬಿಡಲಿಲ್ಲ. ವರ್ಷ ಹಾಗೇ ಕಳೆದು ಮತ್ತೆ ಮೊಹರಂ ಬಂತು, ಅದರ ಬೆನ್ನಿಗೇ ಮುಂಡರಗಿಯಿಂದ ಒಂದು ಸಂಬಂಧವೂ ಬಂತು. ಹುಡುಗ ಕಾಟನ್ ವ್ಯಾಪಾರಿ. ಭಾನುವಾರ ಹೆಣ್ಣು ನೋಡಲು ಬರುತ್ತಾರೆ ಎಂದು ಅಪ್ಪ ಹೇಳಿದ.

ಆ ವಾರ ಅವಳು ವಿದ್ಯಾರ್ಥಿಗಳನ್ನು ಲಕ್ಷ್ಮೇಶ್ವರಕ್ಕೆ ಕರೆದೊಯ್ದಿದ್ದಳು. ಬಸದಿ, ಗುಡಿ, ದರ್ಗಾ ಒಂದೇ ಊರಲ್ಲಿ ತೋರಿಸಿದರೆ ಪಾಠ ತಲೆಗೆ ಹತ್ತುತ್ತದೆ ಎಂದು. ವಾಪಸ್ ಬರುವಾಗ ಅವರ ಜೊತೆ ಗದಗಿನ ಬಸ್ ಹತ್ತಿ ತಾನು ಮಾತ್ರ ಶಿರಹಟ್ಟಿಯಲ್ಲಿ ಇಳಿದುಕೊಂಡಳು. ಮಾಳಿಂಗರಾಯನನ್ನು ಅಲ್ಲಿಗೇ ಬರಲು ಹೇಳಿದ್ದಳು. ಊರ ಹೊರಗಿನ ರಸ್ತೆಯ ಬದಿಯಲ್ಲಿ ಅವನು ನಿಂತಿದ್ದ. ಬರಿಗಾಲು, ಕೆಂಪು ಲಾಡಿ.

ಭಾನುವಾರದೊಳಗೆ ಏನಾದರೂ ಮಾಡಬೇಕು ಎಂದು ಅವಳು ಹೇಳುತ್ತಿರುವಾಗಲೇ ಒಂದು ಬೊಲೆರೊ ಬಂದು ಧೂಳೆಬ್ಬಿಸಿ ನಿಂತಿತು. ಚಹಾದಂಗಡಿಯ ಸುದ್ದಿ ಅಣ್ಣನ ಕಿವಿ ಮುಟ್ಟಿತ್ತು, ಅವನು ಬಸ್ಸಿನ ಬೆನ್ನು ಹತ್ತಿ ಬಂದಿದ್ದ. ವೀರೇಶ ಇಳಿದ. ಅವನ ಗೆಳೆಯ ಸೋಮೇಶ ಸ್ಟಿಯರಿಂಗ್ ಬಿಟ್ಟು ಇಳಿದ. ವೀರೇಶನ ಕೈಯಲ್ಲಿ ಗಾಡಿಯ ಜಾಕ್ ಎತ್ತುವ ಸಲಾಕೆ ಇತ್ತು.

ಮಾತೇ ಇರಲಿಲ್ಲ. ಮೊದಲ ಏಟಿಗೆ ಮಾಳಿಂಗರಾಯನ ಮೊಣಕಾಲು ಕುಸಿಯಿತು. ಸೋಮೇಶ ಬೂಟುಗಾಲಿನಿಂದ ಅವನ ಎದೆಗೆ ಒದ್ದ. ಬೆನ್ನು, ತೋಳು, ಕಿವಿ, ಎಲ್ಲೆಂದರಲ್ಲಿ ಸಲಾಕೆ ಬೀಳುತ್ತಿತ್ತು. ಅವನ ಬಾಯಿಂದ ರಕ್ತ ಬಂತು, ಹಲ್ಲೊಂದು ಮಣ್ಣಿಗೆ ಬಿತ್ತು. ಅವನು ಎರಡೂ ಅಂಗೈಗಳನ್ನು ನೆಲಕ್ಕೆ ಒತ್ತಿ ಹಿಡಿದಿದ್ದ, ಎಲ್ಲಿ ಅವು ತಾವಾಗಿಯೇ ಎದ್ದುಬಿಡುತ್ತವೋ ಎಂಬಂತೆ.

ಸುನಿತಾ ಅಣ್ಣನ ಮೇಲೆ ಬಿದ್ದು ಪರಚಿದಳು, ಕಚ್ಚಿದಳು. ವೀರೇಶ ಅವಳ ಜಡೆ ಹಿಡಿದು ಜಗ್ಗಿ ಕೆನ್ನೆಗೆ ಬಾರಿಸಿದ. ರಸ್ತೆಯ ಮೇಲೆ ಎಳೆದುಕೊಂಡು ಗಾಡಿಯ ಕಡೆ ನಡೆದ. ಅವಳು ತಿರುಗಿ ನೋಡಿದಳು. “ಮಾಳಿಂಗಾ...” ಎಂದಳು.

ಅವನು ನೋಡುತ್ತಿದ್ದ. ಅಂಗೈಗಳು ಇನ್ನೂ ನೆಲದ ಮೇಲಿದ್ದವು.

ವೀರೇಶ ಅವಳನ್ನು ಬೀಸಿ ಎಸೆದ. ತಲೆ ಕಿಲೋಮೀಟರ್ ಕಲ್ಲಿಗೆ ಬಡಿಯಿತು. ಕಣ್ಣು ಕತ್ತಲೆಗಟ್ಟುವ ಮೊದಲು ಅವಳು ಕಂಡದ್ದು ಆ ನೆಲಕ್ಕಂಟಿದ ಕೈಗಳನ್ನೇ.

ಎಚ್ಚರವಾದಾಗ ಗದಗಿನ ಆಸ್ಪತ್ರೆಯಲ್ಲಿದ್ದಳು. ತಲೆಗೆ ಹೊಲಿಗೆ ಬಿದ್ದಿದ್ದವು. ತಾಯಿ ಸುಮಿತ್ರವ್ವ ಕಾಲ ಬಳಿ ಕೂತು ಅಳುತ್ತಿದ್ದಳು. ಬಸ್ಸಿಗೆಂದು ಓಡುವಾಗ ಎಡವಿ ಬಿದ್ದಳು ಎಂದು ವೀರೇಶ ಎಲ್ಲರಿಗೂ ಹೇಳಿಯಾಗಿತ್ತು. ಅವಳಿಗೆ ಮಾತ್ರ, ಯಾರೂ ಇಲ್ಲದಾಗ, ಬೇರೆ ಮಾತು ಹೇಳಿದ.

“ನೀ ಬಿದ್ದು ರಕ್ತ ಸೋರಾಕತ್ತಿದ್ದು ನೋಡಿದ. ಆಡಿನ ಮರಿ ಹಂಗ ಕುಂತಿದ್ದ. ಅವನ ಸಲವಾಗಿ ಮನಿ ಮಾನ ಕಳ್ಯಾಕ ಹೊಂಟಿದ್ದಿ?”

ಅವಳು ನಂಬಿದಳು. ನಂಬದೇ ಇರಲು ಕಾರಣವೇ ಇರಲಿಲ್ಲ. ಫಕೀರ ಕೈ ಎತ್ತುವುದಿಲ್ಲ ಎಂಬುದು ಆ ಸೀಮೆಯ ಮಕ್ಕಳಿಗೂ ಗೊತ್ತು. ಮೇಲಾಗಿ ಅವಳೇ ಕಣ್ಣಾರೆ ಕಂಡಿದ್ದಳಲ್ಲ!

ಒಮ್ಮೆ ಫೋನ್ ಮಾಡಿದಳು. ನಾನು ಬಿದ್ದ ಮೇಲೂ ನೀನು ಸುಮ್ಮನಿದ್ದೆಯಾ ಎಂದು ಕೇಳಿದಳು.  ಆ ಕಡೆ ಹಿಂದೆ ಎಲ್ಲೋ ಅವನ ತಾಯಿ ಯಾರನ್ನೋ ಕರೆಯುವ ದನಿ ಕೇಳಿಸಿತು.

“ತಲೀ ಗಾಯ ಹೆಂಗೈತಿ?” ಎಂದ ಅವನು.

ಅವಳು ಫೋನ್ ಇಟ್ಟಳು. ಅವತ್ತು ಮನಸಾರೆ ಅತ್ತಳು. ಏಟಿಗಲ್ಲ, ಗಾಯಕ್ಕಲ್ಲ. ಅವನ ಹರಕೆಯ ತಕ್ಕಡಿಯಲ್ಲಿ ತಾನು ಇಷ್ಟೇ ತೂಗಿದೆನಲ್ಲ ಎಂಬುದಕ್ಕೆ. ಕಳೆದ ವರ್ಷ ಅದೇ ಕೈ ಏಳದೆ ಇದ್ದದ್ದಕ್ಕೆ ಅವನನ್ನು ಮೆಚ್ಚಿದವಳೂ ತಾನೇ ಎಂಬುದು ನೆನಪಾಗಿ ಇನ್ನಷ್ಟು ಸಂಕಟವಾಯಿತು. ಆಗ ಏಟು ಬಿದ್ದದ್ದು ಅವನಿಗೆ. ಈ ಸಲ ನನಗೆ... ನನಗಾಗಿಯೂ ಏಳದ ಕೈ ನನಗೇಕೆ?

ಮತ್ತೆ ಪಾಠಕ್ಕೆ ಹೋದ ಮೊದಲ ದಿನ ಅಲ್ಫಿಯಾ ಎಂಬ ಹುಡುಗಿ ಎದ್ದು ನಿಂತು, ಅಹಿಂಸೆಗೂ ಹೇಡಿತನಕ್ಕೂ ಏನು ವ್ಯತ್ಯಾಸ ಎಂದು ಕೇಳಿದಳು. ಸುನಿತಾ ಬೋರ್ಡಿನ ಕಡೆ ತಿರುಗಿ, ಬರೆದದ್ದನ್ನೆಲ್ಲ ಒರೆಸಿ, ತಲೆನೋವು ಎಂದು ಹೇಳಿ ಮನೆಗೆ ಬಂದಳು. ಸಂಜೆ ಅಪ್ಪನಿಗೆ ಮುಂಡರಗಿಯ ಸಂಬಂಧಕ್ಕೆ ಒಪ್ಪಿಗೆ ಎಂದಳು. ನಿಶ್ಚಿತಾರ್ಥಕ್ಕೆ ದಿನ ಹಿಡಿದರು, ಸೀರೆ ತಂದರು.

ಸೀರೆ ತಂದ ಮರುದಿನ ಮಧ್ಯಾಹ್ನ ಅಪ್ಪ ಮಾಲಿಗೆಂದು ಹುಬ್ಬಳ್ಳಿಗೆ ಹೋಗಿದ್ದ. ವೀರೇಶ ಊಟಕ್ಕೆ ಕೂತಿದ್ದ. ಸುನಿತಾ ರೊಟ್ಟಿ ಬಡಿಸುತ್ತಿದ್ದಳು. ಎಣ್ಣೆ ಡಬ್ಬಿ ಎತ್ತಲು ಹೋಗಿ ಭುಜ ಹಿಡಿದುಕೊಂಡಿದೆ ಎಂದು ಅವನು ಕೆಲ ದಿನಗಳಿಂದ ಎಡಗೈಯಲ್ಲೇ ಉಣ್ಣುತ್ತಿದ್ದ. ಉಣ್ಣುತ್ತಲೇ ತಂಗಿಯನ್ನು ಕೆಣಕಿದ. ಕಾಟನ್ ವ್ಯಾಪಾರಿಯಾದರೆ ಕನಿಷ್ಠ ಹೆಂಡತಿಯನ್ನು ಕಾಯುತ್ತಾನೆ, ಆ ಹೊಂಬಳದ ಆಡಿನ ಮರಿಯನ್ನು ಕಟ್ಟಿಕೊಂಡಿದ್ದರೆ ನೀನೇ ಅದಕ್ಕೆ ಹುಲ್ಲು ಹಾಕಬೇಕಿತ್ತು ಎಂದು ನಕ್ಕ.

ಸುನಿತಾಳಿಗೆ ಏನಾಯಿತೋ! ಕೈಯಲ್ಲಿದ್ದ ಹಿತ್ತಾಳೆ ತಂಬಿಗೆಯನ್ನು ಬೀಸಿ ಎಸೆದಳು. ಅದು ಅವನ ಬಲಭುಜಕ್ಕೆ ಬಡಿಯಿತು.

ವೀರೇಶ ಕಿರುಚಿದ ಕಿರುಚಾಟಕ್ಕೆ ಅಡುಗೆಮನೆಯಿಂದ ಸುಮಿತ್ರವ್ವ ಓಡಿ ಬಂದಳು. ಅವನು ಊಟದ ಗಂಗಾಳದ ಪಕ್ಕಕ್ಕೆ ಉರುಳಿ ಒದ್ದಾಡುತ್ತಿದ್ದ. ತಂಬಿಗೆ ತಾಗಿದ್ದಕ್ಕೆ ಯಾರೂ ಹಾಗೆ ಕೂಗುವುದಿಲ್ಲ. ಅಂಗಿಯ ಗುಂಡಿ ಕಿತ್ತು ಭುಜ ಬಯಲಾಗಿತ್ತು. ಎಲುಬು ಕೂರಿಸುವವರು ಕಟ್ಟಿದ ಬಿಗಿಯಾದ ಪಟ್ಟಿ. ಅದರ ಕೆಳಗೆ ತೋಳಿನ ಮೇಲೆ ಕಪ್ಪಿನಿಂದ ಹಳದಿಗೆ ತಿರುಗುತ್ತಿದ್ದ ಗುರುತುಗಳು. ನಾಲ್ಕು ಒಂದು ಕಡೆ, ಅಗಲವಾದದ್ದು ಇನ್ನೊಂದು ಕಡೆ.

ಎಣ್ಣೆ ಡಬ್ಬಿಗೆ ಬೆರಳಿರುವುದಿಲ್ಲ.

ಸುನಿತಾ ಅವನ ಮುಂದೆ ಕುಕ್ಕುರುಗಾಲಲ್ಲಿ ಕೂತಳು. “ಯಾರ ಕೈ ಇದು?” ಎಂದಳು.

ಅವನು ಹಲ್ಲು ಕಚ್ಚಿದ. ಅವಳು ಪಟ್ಟಿಯ ಮೇಲೆ ಕೈಯಿಟ್ಟಳು, ಒತ್ತಲಿಲ್ಲ, ಇಟ್ಟಳು ಅಷ್ಟೇ. ಅವನ ಹಣೆಯಲ್ಲಿ ಬೆವರೊಡೆಯಿತು. ಆಮೇಲೆ ಎಲ್ಲವೂ ಹೊರಬಂತು. ಅವಳು ಬಿದ್ದ ಮೇಲೆ ಅವನ ತಲೆ ಕೆಟ್ಟಿತ್ತು. ಬಿದ್ದವಳ ಮೇಲೆಯೇ ಸಲಾಕೆ ಎತ್ತಿದ್ದ. ಅದು ಕೆಳಗಿಳಿಯಲಿಲ್ಲ. ನೆಲದಲ್ಲಿದ್ದವನು ಯಾವಾಗ ಎದ್ದನೋ ಕಾಣಲಿಲ್ಲ, ಭುಜ ಮುರಿದ ಸದ್ದು ಮಾತ್ರ ಕೇಳಿಸಿತು. ತನ್ನನ್ನು ಎತ್ತಿ ಒಗೆದ ರಭಸಕ್ಕೆ ಬೊಲೆರೊದ ಗಾಜು ಒಡೆಯಿತು. ಸೋಮೇಶ ಕೈ ಮುಗಿದ. ಮಾಳಿಂಗರಾಯನೇ ಸುನಿತಾಳನ್ನು ಎತ್ತಿ ಗಾಡಿಯಲ್ಲಿ ಮಲಗಿಸಿ, ನೇರ ಆಸ್ಪತ್ರೆಗೆ ಹೋಗದಿದ್ದರೆ ಇಬ್ಬರನ್ನೂ ಇಲ್ಲೇ ಹೂಳುತ್ತೇನೆ ಎಂದಿದ್ದ.

“ಯಾಕ ಹೇಳಲಿಲ್ಲ?”

“ಯಾರ ಮುಂದ ಹೇಳಲಿ? ಫಕೀರನ ಕೈಯಾಗ ಹೊಡಸ್ಕೊಂಡೆ ಅಂದ್ರ ಮಂದಿ ನಂಬಂಗಿಲ್ಲ. ನಂಬಿದ್ರ ನಗತಾರ.”

ಸುನಿತಾ ಪಟ್ಟಿಯಿಂದ ಕೈ ತೆಗೆದಳು. ಎತ್ತಿದನಾ... ನನಗಾಗಿ ಎತ್ತಿದನಾ! ಅಣ್ಣ ನೋವಿನಿಂದ ಹೊರಳಾಡುತ್ತಿದ್ದರೆ ತನಗೆ ಕುಣಿಯುವಷ್ಟು ಖುಷಿಯಾಗುತ್ತಿದೆಯಲ್ಲ ಎಂದು ನಾಚಿಕೆಯೂ ಆಯಿತು. ಆದರೂ ಖುಷಿ ಕಡಿಮೆಯಾಗಲಿಲ್ಲ.

ಸುಮಿತ್ರವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಮಗನ ಮುಂದಿನ ಗಂಗಾಳ ಎತ್ತಿಕೊಂಡು ಹೋಗಿ ರೊಟ್ಟಿ ಪಲ್ಯವನ್ನು ಎಮ್ಮೆಯ ಮುಂದೆ ಸುರಿದು ಬಂದಳು.

“ಬಿದ್ದ ತಂಗಿ ಮ್ಯಾಲ ಸಲಾಕಿ ಎತ್ತಿದವಗ ಈ ಮನ್ಯಾಗ ಅನ್ನ ಇಲ್ಲ,” ಎಂದಳು. “ನಾಳೆ ಪೊಲೀಸ್ ಠಾಣೆಕ್ಕ ಹೋಗಾಕಿ ನಾನ. ಸುನೀ, ನೀ ಏನ್ ನೋಡ್ಕೊಂತ ನಿಂತಿ? ನಿಮ್ಮಪ್ಪ ಬರೂದ್ರಾಗ ಜಲ್ದಿ ಹೋಗು.”

ಎಲ್ಲಿಗೆ ಎಂದು ತಾಯಿ ಹೇಳಲಿಲ್ಲ, ಮಗಳು ಕೇಳಲಿಲ್ಲ.

ಹೊಂಬಳದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿಕೊಂಡಳು. ಎತ್ತಿದ್ದರೆ ಫೋನಿನಲ್ಲಿ ಯಾಕೆ ಹೇಳಲಿಲ್ಲ? ಒಂದು ಮಾತು ಹೇಳಿದ್ದರೆ ನಾನು ಮುಂಡರಗಿಗೆ ಒಪ್ಪುತ್ತಿದ್ದೆನಾ?

ಉತ್ತರ ಅವನ ಮನೆಯ ಅಂಗಳದಲ್ಲೇ ಕೂತಿತ್ತು. ತಿಪ್ಪವ್ವ ಮೊರದಲ್ಲಿ ಶೇಂಗಾ ಹಸನು ಮಾಡುತ್ತಿದ್ದಳು. ಅಪರಿಚಿತ ಹುಡುಗಿ, ತಲೆಯಲ್ಲಿ ಹೊಲಿಗೆಯ ಗಾಯ. ಏನಾಯಿತು, ಯಾರ ಮಗಳು ಎಂದು ಕೇಳಿ, ಉತ್ತರ ಬರುವ ಮೊದಲೇ ನೀರು ಕೊಟ್ಟಳು. ಮಾಳಿಂಗರಾಯನನ್ನು ಕಾಣಬೇಕು ಎಂದಾಗ ಮುದುಕಿ ಕಷ್ಟ ಹೇಳಿಕೊಳ್ಳತೊಡಗಿದಳು. ಹಬ್ಬ ಮುಗಿದಾಗಿನಿಂದ ಮಗ ಸರಿಯಾಗಿ ಉಣ್ಣುತ್ತಿಲ್ಲ, ಗರಡಿಗೆ ಹೋಗುತ್ತಿಲ್ಲ. ಪುಂಡರ ಕೈಯಲ್ಲಿ ಏಟು ತಿಂದು ಬಂದನಂತೆ, ಹರಕೆಯ ದಿನವಾದ್ದರಿಂದ ಮರ್ಯಾದೆಯಿಂದ ಸುಮ್ಮನಿದ್ದನಂತೆ, ಅದೊಂದು ಪುಣ್ಯ. ಮಸೂತಿ ನೋಡಿಕೊಳ್ಳುವ ಮುಜಾವರ ಮೊಹಸಿನ ಬಂದು ವಿಚಾರಿಸಿ ಹೋದರೂ ಆ ಕಡೆ ಕಾಲಿಡುತ್ತಿಲ್ಲ. ದಿನಾ ಬೆಳಿಗ್ಗೆ ಅವನ ಹಣೆ ಮುಟ್ಟಿ ಜ್ವರ ಬಂದಿಲ್ಲವಲ್ಲ ಎಂದು ನೋಡುತ್ತೇನೆ ಎಂದಳು.

ಸುನಿತಾಳಿಗೆ ಎಲ್ಲ ಅರ್ಥವಾಯಿತು. ಗಂಡನನ್ನು ಕೊಡಲಿಗೆ ಕಳೆದುಕೊಂಡವಳು, ಮಗನ ಜೀವವನ್ನು ಅವನ ಕೈಗೆ ಕಟ್ಟಿಟ್ಟು ನೆಮ್ಮದಿಯಾಗಿದ್ದಾಳೆ. ಆ ಕೈ ಎದ್ದಿತೆಂದು ಯಾರು ಹೇಳುತ್ತಾರೆ ಅವಳಿಗೆ?

ಮಾಳಿಂಗರಾಯ ಹೊಲದಿಂದ ಬಂದ. ಸೊರಗಿದ್ದ. ಮುಂದಿನ ಹಲ್ಲಿನ ಜಾಗ ಖಾಲಿಯಿತ್ತು. ಅವಳನ್ನು ಕಂಡು ನಿಂತಲ್ಲೇ ನಿಂತ.

“ಒಂದ ಮಾತು ಕೇಳಾಕ ಬಂದೀನಿ,” ಎಂದಳು ಸುನಿತಾ. “ನಾ ಬಿದ್ದ ಮ್ಯಾಲ ನೀ ಕೈ ಎತ್ತಿದ್ಯೋ ಇಲ್ಲೋ?”

ಅವನು ತಾಯಿಯನ್ನು ನೋಡಿದ.

“ಇಲ್ಲ,” ಎಂದ.

ಹೇಗೆ ಸುಳ್ಳು ಹೇಳುತ್ತಾನೆ ನೋಡು! ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು, ಅಪ್ಪಿಕೊಳ್ಳಬೇಕೆನ್ನಿಸಿತು. ಅಣ್ಣನ ಭುಜದ ಗುರುತು ನೋಡಿ ಬಂದಿದ್ದೇನೆ ಎಂದರೆ ಮುಗಿಯುತ್ತಿತ್ತು. ಆದರೆ ಅವಳು ಬಾಯಿ ಬಿಗಿಹಿಡಿದಳು. ಅದನ್ನು ತಾನು ಹೇಳಿದರೆ ಚಾಡಿಯಾಗುತ್ತದೆ, ಅವನು ಹೇಳಿದರೆ ಮಾತ್ರ ನಿವೇದನೆ. ಎರಡು ಅಂಕಕ್ಕೆ ಎಷ್ಟು ಸಲ ಪಾಠ ಮಾಡಿದ್ದಳು! ತಪ್ಪನ್ನು ತನ್ನ ಬಾಯಿಂದ ಹೇಳಲಾರದವನು ಆ ತಪ್ಪಿನಲ್ಲೇ ಕೊಳೆಯುತ್ತಾನೆ. ಅವನು ಕೊಳೆಯುತ್ತಿದ್ದದ್ದು ಕಣ್ಣಿಗೇ ಕಾಣುತ್ತಿತ್ತು.

“ಆತು ಹಂಗಾರ,” ಎಂದಳು.  “ಮುಂಡರಗ್ಯಾಗ ನನ್ನ ನಿಶ್ಚಯ ಐತಿ. ನಾ ಸಾಯೂದು ನೋಡ್ಕೊಂತ ಕುಂತವಂದು ನನಗೇನೂ ಬ್ಯಾಡ.”

ಅವಳು ತಿರುಗಿ ನಡೆದಳು. ಅಂಗಳ ದಾಟುವಾಗ ಬೇಕೆಂದೇ ಹೆಜ್ಜೆ ಸಣ್ಣ ಮಾಡಿದಳು. ಕರೆಯೋ... ಒಮ್ಮೆ ಕರೆಯೋ... ಅವನು ಕರೆಯದಿದ್ದರೆ ಈ ರಸ್ತೆ ಸೀದಾ ಮುಂಡರಗಿಗೇ ಹೋಗುತ್ತದೆ, ಅವಳಿಗದು ಗೊತ್ತಿತ್ತು.

“ಎತ್ತಿದೆ.”

ಅವಳು ನಿಂತಳು.

“ಯವ್ವಾ, ನಾ ಕೈ ಎತ್ತಿದೆ.” ಅವನು ತಾಯಿಯ ಮುಂದೆ ಮಣ್ಣಿನಲ್ಲಿ ಕೂತುಬಿಟ್ಟಿದ್ದ. “ನನಗ ಹೊಡದ್ರು, ನಿನ್ನ ಹರಕಿ ನೆನಸ್ಕೊಂತ ಸುಮ್ಮನಿದ್ದೆ. ಈಕಿ ಬಿದ್ಲು. ಬಿದ್ದಾಕಿ ಮ್ಯಾಲ ಅವ ಸಲಾಕಿ ಎತ್ತಿದ. ಆಮ್ಯಾಲ ನನಗ ನೀನೂ ನೆನಪಾಗಲಿಲ್ಲ, ದೇವರೂ ನೆನಪಾಗಲಿಲ್ಲ.”

ಪ್ರೀತಿ ಮಾಡುತ್ತೇನೆ ಎಂದು ಅವನು ಇಡೀ ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಇನ್ನು ಹೇಳದಿದ್ದರೂ ನಡೆಯುತ್ತದೆ ಎಂದುಕೊಂಡಳು ಸುನಿತಾ. ಕಣ್ಣು ಧಾರಾಕಾರವಾಗಿ ಹರಿಯುತ್ತಿತ್ತು.

ತಿಪ್ಪವ್ವ ಎದ್ದಳು. ಮಗನ ಕೆನ್ನೆಗೆ ಫಳಾರನೆ ಹೊಡೆದಳು. ಮತ್ತೆ ಹೊಡೆದಳು. ಎದೆಗೆ, ಹೆಗಲಿಗೆ, ತಲೆಗೆ, ಎರಡೂ ಕೈಯಿಂದ ದಬದಬ ಗುದ್ದಿದಳು. ಬೆಳೆದ ಪೈಲ್ವಾನ ತಲೆ ತಗ್ಗಿಸಿ ಕೂತಿದ್ದ. ಸುನಿತಾ ಬಿಡಿಸಲು ಓಡಿ ಬಂದಳು. ಅಷ್ಟರಲ್ಲಿ ಮುದುಕಿಯ ಕೈ ನಿಂತಿತು. ಅದೇ ಕೈ ಅವನ ಹಣೆಯ ಮೇಲೆ ಬಂದು ಕೂತಿತು.

“ಜ್ವರ ಬಂದಿತ್ತೇನು?”

“ಇಲ್ಲ.”

“ಎದಿ ನೋವು? ಎಚ್ಚರ ತಪ್ಪಿದ್ದು?”

“ಏನೂ ಇಲ್ಲಬೇ.”

ತಿಪ್ಪವ್ವ ಬಹಳ ಹೊತ್ತು ಹಣೆಯ ಮೇಲೆ ಕೈ ಇಟ್ಟುಕೊಂಡೇ ನಿಂತಳು. 

“ದೇವರಿಗೆ ನಿನ್ನ ವಾಪಸ್ ತಗೊಳ್ಳೂದಿದ್ರ ಅವತ್ತ ತಗೋತಿದ್ದ,” ಎಂದಳು ಕೊನೆಗೆ. “ನೋಡ್ಯಾನ. ನೋಡಿ ಬಿಟ್ಟಾನ. ನಿಮ್ಮಪ್ಪ ನೆಲದ ಸಲವಾಗಿ ಕೈ ಎತ್ತಿದ್ದ. ನೀ ನೆಲಕ್ಕ ಬಿದ್ದಾಕಿ ಸಲವಾಗಿ ಎತ್ತಿದಿ. ಅಷ್ಟು ತಿಳಿಯದ ದೇವರನ್ನ ನಾ ಬೇಡಿಕೊಂಡಿಲ್ಲಲೇ.”

ಆಮೇಲೆ ಅವಳು ನೆಲಕ್ಕೆ ಕುಸಿದು ಮಗನ ತಲೆಯನ್ನು ಮಡಿಲಿಗೆಳೆದುಕೊಂಡು ಜೋರಾಗಿ ಅತ್ತಳು. ಅಳುತ್ತಲೇ ಸುನಿತಾಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಯಾರ ಮಗಳು ಎಂಬ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿರಲಿಲ್ಲ, ಅದನ್ನು ಮತ್ತೆ ಕೇಳಲೂ ಇಲ್ಲ. ಅತ್ತು ಹಗುರಾದ ಮೇಲೆ ಮೊಹಸಿನನ ಮನೆಗೆ ಹೋಗಿ ದೇವರ ಹೆಸರಲ್ಲಿ ಸಕ್ಕರೆ ಓದಿಸಿಕೊಂಡು ಬರುತ್ತೇನೆಂದು ಸೆರಗು ಹೊದ್ದು ಹೊರಟಳು.

ಅಂಗಳದಲ್ಲಿ ಇಬ್ಬರೇ ಉಳಿದರು. ಹಸನಾದ ಶೇಂಗಾ ಒಂದು ಕಡೆ, ಕಸ ಒಂದು ಕಡೆ ಬಿದ್ದಿತ್ತು.

ಹಬ್ಬ ಮುಗಿದ ದಿನವೇ ಮೊಹಸಿನನ ಬಳಿಗೆ ಹೋಗಿದ್ದೆ ಎಂದು ಅವನು ಹೇಳಿದ. ತಪ್ಪೊಪ್ಪಿಕೊಂಡು ತೌಬಾ ಮಾಡಿಸು ಎಂದು ಅತ್ತಿದ್ದ. ಹರಕೆ ಹೊತ್ತವಳು ನಿನ್ನವ್ವ, ಮೊದಲು ಅವಳಿಗೆ ಹೇಳು, ಆಮೇಲೆ ಇಲ್ಲಿಗೆ ಬಾ ಎಂದು ಮೊಹಸಿನ ಕಳಿಸಿಬಿಟ್ಟಿದ್ದ. ಹೇಳುವ ಧೈರ್ಯವಾಗಲಿಲ್ಲ. ಹರಕೆ ಮುರಿದವನ ಆಯುಷ್ಯ ಎಷ್ಟೋ ಏನೋ, ಅಂಥವನು ನಿನ್ನನ್ನು ಕಟ್ಟಿಕೊಂಡು ನಿನ್ನ ಬದುಕನ್ನೂ ಯಾಕೆ ಹಾಳು ಮಾಡಬೇಕು ಎಂದು ಫೋನಿನಲ್ಲಿ ಸುಮ್ಮನಾದೆ ಎಂದ.

“ಮತ್ತೊಂದೈತಿ,” ಎಂದ. ಅವಳ ಮುಖ ನೋಡಲಿಲ್ಲ. “ಅವನ ಭುಜ ಕಟ್ಟಂದಾಗ ನನಗ ಹಿತ ಅನಿಸ್ತು ಸುನಿತಾ. ಇನ್ನೊಂದ ಭುಜಾನೂ ಮುರೀಬೇಕು ಅನಿಸ್ತು. ಅದಕ್ಕ ಹೆದರಿದೆ. ನಮ್ಮಪ್ಪ ನೆನಪಾದ.”

ಅವಳು ಬದಿಗೆ ಉರುಳಿದ್ದ ಶೇಂಗಾ ಕಾಳೊಂದನ್ನು ಹೆಕ್ಕಿ ಮೊರಕ್ಕೆ ಹಾಕಿದಳು.

“ನನಗೂ ಹಿತ ಅನಿಸ್ತು,” ಎಂದಳು. “ಇವತ್ತ ಆ ಗುರುತು ನೋಡಿದಾಗ. ಒಡಹುಟ್ಟಿದವ ಅಳಾಕತ್ತಿದ್ದ, ನನಗ ಹಬ್ಬ ಆಗಿತ್ತು.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಈಗ ಮುಚ್ಚಿಡಲು ಏನೂ ಉಳಿದಿರಲಿಲ್ಲ.

“ನಾಳೆ ಬೆಟಗೇರಿಗೆ ಬರ್ತೀನಿ. ಭುಜ ಮುರದದ್ದಕ್ಕ ಅವನ ಮುಂದ ತಪ್ಪಾತು ಅಂತೀನಿ.”

“ಅವ್ವ ಅವನ ಮ್ಯಾಲ ಕೇಸ್ ಕೊಡಾಕಿ. ನಾನೂ ಸಾಕ್ಷಿ ಹೇಳಾಕಿ.”

“ಹೇಳು. ಅವ ಮಾಡಿದ್ದಕ್ಕ ಅವ, ನಾ ಮಾಡಿದ್ದಕ್ಕ ನಾ.”

“ತಪ್ಪಾತು ಅಂದಾಗ ಮತ್ತ ಹೊಡದ್ರ?”

“ಹೊಡಸ್ಕೋತೀನಿ.”

ಅವಳು ಅವನ ಹತ್ತಿರ ಸರಿದಳು. ಕೇಳಬಾರದೆಂದುಕೊಂಡರೂ ಬಾಯಿಗೆ ಬಂದೇಬಿಟ್ಟಿತು.

“ನನಗ ಹೊಡದ್ರ...?”

ಮಾಳಿಂಗರಾಯ ತನ್ನ ಅಂಗೈಗಳನ್ನು ನೋಡಿಕೊಂಡ.  ಸುಳ್ಳು ಹೇಳಿ ಅವನಿಗೆ ಸಾಕಾಗಿತ್ತು.

“ಹಂಗಾರ ಮತ್ತ ತಪ್ಪು ಮಾಡ್ತೀನಿ,” ಎಂದ. “ಮತ್ತ ಬಂದು ಅವ್ವನ ಮುಂದ ಹೇಳ್ತೀನಿ.”

ಸುನಿತಾ ಆ ಎರಡೂ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

“ನಾನೂ ಬಾಜೂಕ ಕುಂಡರ್ತೀನಿ,” ಎಂದಳು. “ಅವ್ವನ ಕೈಯಾಗ ಇಬ್ಬರೂ ಕೂಡೇ ಹೊಡಸ್ಕೊಳ್ಳೂಣು.”